ವರ್ಲ್ಡ್ 10ಕೆ: ಮಕ್ಕಳು ಏಳುವ ಹೊತ್ತಿಗೆ ಮುಗಿಯುವ ರೇಸ್

ಮ್ಯಾರಥಾನ್ ತಯಾರಿಯ ನಡುವೆ 10 ಕಿಲೋಮೀಟರ್ ರೇಸ್ ಓಡಬೇಕಾ ಅಂತ ಕೇಳಿದರೆ ಓಡುವವರಲ್ಲಿ ಅರ್ಧ ಜನ ಮೂಗು ಮುರಿಯುತ್ತಾರೆ. ಹಾಫ್ ಮ್ಯಾರಥಾನ್, ಅಂದರೆ 21 ಕಿಲೋಮೀಟರ್ ಓಡಿ, ಅದೇ ನಿಜವಾದ ಪರೀಕ್ಷೆ ಅನ್ನುತ್ತಾರೆ. ಅವರ ಮಕ್ಕಳು ಕಾಲೇಜಿಗೆ ಹೋಗುತ್ತಿರಬೇಕು. ನನಗೆ ಎಂಟು ವರ್ಷದ ಮಗಳು, ಮೂರು ವರ್ಷದ ಮಗ, ಜೊತೆಗೆ ಆಫೀಸು. ಆಗಸ್ಟ್ ಕೊನೆಯ ಹೈದರಾಬಾದ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಏಪ್ರಿಲ್ ಕೊನೆಗೆ ತಯಾರಿ ಶುರುವಾಗುವ ಹೊತ್ತಿಗೆ ಸರಿಯಾಗಿ ಬರುವುದು ಟಿಸಿಎಸ್ ವರ್ಲ್ಡ್ 10ಕೆ ಬೆಂಗಳೂರು. ಓಡಿ ಬಂದೆ. ಮನೆ ಬಾಗಿಲು ದಾಟಿದ ಮೇಲೆ ವಾಪಸ್ ಬರುವಷ್ಟರಲ್ಲಿ ಎಷ್ಟು ಹೊತ್ತು ಹಿಡಿಯಿತು, ಬಂದ ಮೇಲೆ ನಾನು ಮನುಷ್ಯಳ ಹಾಗೆ ಇದ್ದೆನಾ ಇಲ್ವಾ, ರೇಸ್ ಅಳೆಯಲು ನನ್ನ ಹತ್ತಿರ ಇರುವುದು ಇವೆರಡೇ.

ಮೊದಲು ಹೊತ್ತಿನ ವಿಷಯ. ಸಾಮಾನ್ಯರ ಓಪನ್ 10ಕೆ ಬೆಳಗ್ಗೆ ಐದು ದಾಟುತ್ತಿದ್ದಂತೆ ಶುರು. ಕೇಳಿದರೆ ಕಷ್ಟ ಅನ್ನಿಸುತ್ತದೆ, ಆದರೆ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ನಿಧಾನಕ್ಕೆ ಓಡಿದರೂ ಆರೂವರೆ, ಏಳಕ್ಕೆ ಕೆಲಸ ಮುಗಿದಿರುತ್ತದೆ. ಓಟ ನಡೆಯುವುದು ಊರ ಮಧ್ಯದಲ್ಲಿ, ಎಂ.ಜಿ. ರಸ್ತೆ ಪಕ್ಕದ ಮಾಣೆಕ್ ಷಾ ಪರೇಡ್ ಮೈದಾನದಿಂದ. ಭಾನುವಾರ ಏಳಕ್ಕೆ ಓಡಲು ಶುರು ಮಾಡುವ ಮೆಟ್ರೊ ಈ ಓಟದ ದಿನ ನಸುಕಿನಲ್ಲೇ ಬಿಡುತ್ತಾರೆ. ಕಾರು ತೆಗೆದುಕೊಂಡು ಹೋಗಿ ಪಾರ್ಕಿಂಗ್ ಹುಡುಕುವ ಗೋಳಿಲ್ಲ. ಕತ್ತಲಲ್ಲಿ ಬೋಗಿ ತುಂಬ ಎದೆಗೆ ಬಿಬ್ (ಓಟದ ನಂಬರ್ ಚೀಟಿ) ಹಾಕಿಕೊಂಡವರು, ಒಬ್ಬರ ಕೈಯಲ್ಲಿ ಬಾಳೆಹಣ್ಣು, ಇನ್ನೊಬ್ಬರು ನಿದ್ದೆ. ಆಫೀಸ್ ಸಮಯದ ಮೆಟ್ರೊಗಿಂತ ಎಷ್ಟೋ ವಾಸಿ.

ಹೋದ ವರ್ಷ ಊರಾಚೆ ಒಂದು ಹಾಫ್ ಮ್ಯಾರಥಾನ್‌ಗೆ ಹೋಗಿದ್ದೆ, ಹೆಸರು ಬೇಡ. ಹೊರಡಬೇಕಾದ್ದು ಆರಕ್ಕೆ, ಬಿಟ್ಟಿದ್ದು ಇನ್ನೂ ತಡವಾಗಿ, ಹಿಂದೆ ಬರುವ ನಮ್ಮಂಥವರ ಪಾಲಿಗೆ ಕೊನೆಯ ಎರಡು ಟೇಬಲ್‌ಗಳಲ್ಲಿ ನೀರೇ ಇಲ್ಲ, ಮಣ್ಣು ರಸ್ತೆಯಲ್ಲಿ ಕಾರುಗಳ ಸಾಲು, ಮನೆ ಮುಟ್ಟಿದಾಗ ಊಟದ ಹೊತ್ತು. ಮಧ್ಯಾಹ್ನ ಪೂರ್ತಿ ಮಲಗಿದ್ದೆ. ಯಜಮಾನರು ಏನೂ ಅನ್ನಲಿಲ್ಲ, ಆದರೆ ಪಾತ್ರೆ ಇಡುವ ಸದ್ದಲ್ಲೇ ಗೊತ್ತಾಗುತ್ತದೆ ಅಲ್ವಾ?

ವರ್ಲ್ಡ್ 10ಕೆ 2008ರಿಂದ ನಡೆಯುತ್ತಿದೆ. ನಡೆಸುವವರು ಪ್ರೋಕ್ಯಾಮ್, ಮುಂಬೈ ಮ್ಯಾರಥಾನ್ ನಡೆಸುವವರೇ. ಅನುಭವ ಎದ್ದು ಕಾಣುತ್ತದೆ. ಹಳೆಯ ಓಟದ ಟೈಮಿಂಗ್ ಸರ್ಟಿಫಿಕೇಟ್ ಕೊಟ್ಟರೆ ಅದನ್ನು ನೋಡಿ ಮುಂದಿನ ವಿಭಾಗದಲ್ಲಿ ನಿಲ್ಲಿಸುತ್ತಾರೆ. ಹೆಸರು ಕೊಡುವಾಗ ಸೋಮಾರಿತನ ಮಾಡದೆ ಆ ಸರ್ಟಿಫಿಕೇಟ್ ಹಾಕಿಬಿಡಿ. ಇಲ್ಲದಿದ್ದರೆ ಮೊದಲ ಕಿಲೋಮೀಟರ್ ಪೂರ್ತಿ ಸೆಲ್ಫಿ ತೆಗೆಯುವವರ ಮಧ್ಯೆ ದಾರಿ ಮಾಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಬಿಬ್‌ನಲ್ಲಿ ಚಿಪ್ ಇರುವುದರಿಂದ ನಿಮ್ಮ ಸಮಯ ನೀವು ಗೆರೆ ದಾಟಿದ ಮೇಲೇ ಶುರು, ಅದರ ಚಿಂತೆ ಬೇಡ. ಬಿಬ್ ಮಾತ್ರ ಮುಂಚೆಯೇ ಹೋಗಿ ತಂದಿಟ್ಟುಕೊಳ್ಳಬೇಕು. ಶನಿವಾರ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ ಬಿಡಿ. ವಾರದ ಮಧ್ಯೆ ಆಫೀಸಿಂದ ಸ್ವಲ್ಪ ಬೇಗ ಎದ್ದು ಹೋಗಿ. ಇನ್ನೊಂದು ಮಾತು, ತಂದ ಬಿಬ್ಬನ್ನು ಅಟ್ಟದ ಮೇಲಿಡಿ. ನಮ್ಮ ಮಗಳು ಕೊನೆಯ ಅಂಕಿ ಮೇಲೆ ಹೊಳೆಯುವ ಚಿಟ್ಟೆ ಸ್ಟಿಕರ್ ಅಂಟಿಸಿದ್ದಳು. ಕೀಳಲು ಹೋದರೆ ಹರಿಯುವ ಹಾಗಿತ್ತು, ಹಾಗೇ ಓಡಿದೆ. ನಂಬರ್ ಹಾಕಿ ಹುಡುಕಿದರೆ ಫೋಟೊಗಳಲ್ಲಿ ನಾನು ಸಿಗುವುದೇ ಇಲ್ಲ.

ಈಗ ದಾರಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ನಗರದೊಳಗೂ ಸಮತಟ್ಟು ಅನ್ನುವುದು ಕಮ್ಮಿ. ಹಲಸೂರು ಕೆರೆ ಕಡೆ ಇಳಿಯುವಾಗ ಸುಖ, ಆ ಇಳಿದದ್ದನ್ನೆಲ್ಲ ವಾಪಸ್ ಏರಬೇಕು. ಕಾರಿನಲ್ಲಿ ದಿನಾ ಓಡಾಡುವಾಗ ಗೊತ್ತೇ ಆಗದ ಏರು ತೊಡೆಗೆ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ ಏಪ್ರಿಲ್ ಸೆಖೆ. ಹಿಂದೆ ಮೇ ತಿಂಗಳಲ್ಲಿ ನಡೆಯುತ್ತಿತ್ತು, 2024ರಿಂದ ಏಪ್ರಿಲ್ ಕೊನೆಗೆ ತಂದಿದ್ದಾರೆ, ನನ್ನ ಮೈಗಂತೂ ಜಾಸ್ತಿ ವ್ಯತ್ಯಾಸ ಗೊತ್ತಾಗಲಿಲ್ಲ. ಜೀವನದ ಬೆಸ್ಟ್ ಟೈಮ್ ಮಾಡಲು ಇದು ಜಾಗ ಅಲ್ಲ, ಚಳಿಗಾಲದ ಓಟ ನೋಡಿಕೊಳ್ಳಿ. ಹಾಗಂತ ಯಾರೂ ಜೋರಾಗಿ ಓಡುವುದಿಲ್ಲ ಅಂತಲ್ಲ. ನಮ್ಮ ಗುಂಪಿನ ಓಟ ಆದ ಮೇಲೆ ಅಂತರರಾಷ್ಟ್ರೀಯ ಓಟಗಾರರು ಇಳಿಯುತ್ತಾರೆ. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ ಇಲ್ಲಿ 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದ್ದ, ಅದೇ ದಿನ ಐರೀನ್ ಚೆಪ್ಟೈ 30 ನಿಮಿಷ 35 ಸೆಕೆಂಡು. ನಮ್ಮ ಮಗ ಒಂದು ಲೋಟ ಹಾಲು ಕುಡಿಯಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಮ್ಯಾರಥಾನ್ ತಯಾರಿಗೆ ಇದರಿಂದ ಏನು ಸಿಕ್ಕಿತು? ಒಂದು, ಲೆಕ್ಕ. ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ ಕೊಟ್ಟ ಸೂತ್ರ ಇದೆ, ಒಂದು ದೂರದ ಸಮಯದಿಂದ ಇನ್ನೊಂದು ದೂರದ್ದನ್ನು ಅಂದಾಜು ಮಾಡುವುದು. ಅದರ ಪ್ರಕಾರ 10 ಕಿಲೋಮೀಟರ್ ಒಂದು ಗಂಟೆಯಲ್ಲಿ ಓಡಿದವರು ಪೂರ್ತಿ ಮ್ಯಾರಥಾನನ್ನು ಸುಮಾರು 4 ಗಂಟೆ 36 ನಿಮಿಷದಲ್ಲಿ ಓಡಬಹುದು. ಓಡಬಹುದು ಅಷ್ಟೇ. ಆ ಅಂದಾಜು ನಿಜವಾಗಬೇಕಾದರೆ ವಾರಕ್ಕೆ ಸಾಕಷ್ಟು ಕಿಲೋಮೀಟರ್ ಓಡಿರಬೇಕು, ಉದ್ದದ ಓಟಗಳು ತಪ್ಪಿರಬಾರದು. ಮಗುವಿಗೆ ಜ್ವರ, ಶಾಲೆಯಲ್ಲಿ ಮೀಟಿಂಗು, ಹೀಗೆ ವಾರಕ್ಕೆ ಮೂರು ಸಲ ಓಡಿದರೆ ಹೆಚ್ಚು ಅನ್ನುವ ನಮ್ಮಂಥವರು ಅದಕ್ಕೆ ಇಪ್ಪತ್ತು ನಿಮಿಷ ಸೇರಿಸಿಕೊಂಡರೆ ಕ್ಷೇಮ.

ಎರಡನೆಯದು, ಭಾನುವಾರದ ಉದ್ದದ ಓಟ ತಪ್ಪಲಿಲ್ಲ. ಇದೇ ನನಗೆ ಹೆಚ್ಚು ಇಷ್ಟವಾದದ್ದು. ಹಾಫ್ ಮ್ಯಾರಥಾನನ್ನು ಜೋರಾಗಿ ಓಡಿದರೆ ಮುಂದಿನ ವಾರ ಪೂರ್ತಿ ಕಾಲು ಮಾತು ಕೇಳುವುದಿಲ್ಲ. ಇಲ್ಲಿ ಹಾಗಿಲ್ಲ. ಶುರುವಾಗುವ ಮುಂಚೆ ಮೈ ಬಿಸಿಯಾಗಲು ಒಂದೆರಡು ಕಿಲೋಮೀಟರ್, ರೇಸಿನ ಹತ್ತು, ಮುಗಿದ ಮೇಲೆ ಪದಕ ಕತ್ತಿಗೆ ಹಾಕಿಕೊಂಡು ಮಲ್ಲೇಶ್ವರದ ಮನೆವರೆಗೆ ನಿಧಾನಕ್ಕೆ ಓಟ. ಅಲ್ಲಿಗೆ ಪ್ಲ್ಯಾನಿನಲ್ಲಿದ್ದ ದೂರ ಆಯಿತು. ಪದಕ ಎದೆಗೆ ಬಡಿಯುತ್ತಿತ್ತು ಅಂತ ಕೈಯಲ್ಲಿ ಹಿಡಿದುಕೊಂಡೆ. ನಂದಿನಿ ಬೂತಿನಲ್ಲಿ ಎರಡು ಪ್ಯಾಕೆಟ್ ಹಾಲು ಕೇಳಿದೆ. ಆತ ಪದಕ ನೋಡಿ 'ಫಸ್ಟ್ ಬಂದ್ರಾ ಮೇಡಂ?' ಅಂದ. ಹೌದು ಅನ್ನಬೇಕಿತ್ತು, ಸುಮ್ನೆ ನಕ್ಕು ಬಂದೆ. ಮಗ ಇನ್ನೂ ಮಲಗಿದ್ದ. ಅತ್ತೆ ದೋಸೆ ಹುಯ್ಯುತ್ತಿದ್ದರು, ಸ್ನಾನ ಮಾಡಿ ಬಂದು ನಾನೇ ಕಾವಲಿ ಮುಂದೆ ನಿಂತೆ. ಸೋಮವಾರ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಬೇಕಾಗಲಿಲ್ಲ.

ಮನೆಯವರನ್ನೆಲ್ಲ ಕರೆದುಕೊಂಡು ಹೋಗುವವರಿಗೆ ಅದೇ ದಿನ ಮಜಾ ರನ್ ಇದೆ, ಹಿರಿಯರಿಗೆ ಬೇರೆ ಓಟ ಇದೆ. ಮಜಾ ರನ್‌ನಲ್ಲಿ ವೇಷ ಹಾಕಿಕೊಂಡು ಬರುವವರನ್ನು ನೋಡಲು ಚೆನ್ನ. ಆದರೆ ಅದು ಬಿಸಿಲೇರಿದ ಮೇಲೆ, ಮೂರು ವರ್ಷದವನ ಜೊತೆ ನಾನಂತೂ ಹೋಗುವುದಿಲ್ಲ.

ಹೈದರಾಬಾದಿಗೆ ಇಷ್ಟು ಸಾಕಾ ಅಂದರೆ ಸಾಲದು. ಅಲ್ಲಿ ಫ್ಲೈಓವರ್ ಮೇಲೆ ಫ್ಲೈಓವರ್, ಅದಕ್ಕೆ ಏರು ಓಡುವ ಅಭ್ಯಾಸ ಬೇರೆಯೇ ಬೇಕು. ಯಶವಂತಪುರದ ಫ್ಲೈಓವರ್ ಮೇಲೆ ನಸುಕಿನಲ್ಲಿ ಓಡಲು ಜೊತೆಗೆ ಯಾರಾದರೂ ಸಿಗುತ್ತಾರಾ ಅಂತ ನೋಡುತ್ತಿದ್ದೇನೆ, ಏಳು ಗಂಟೆಯೊಳಗೆ ಮನೆ ಸೇರಬೇಕು ಅನ್ನುವವರು ಸಿಕ್ಕಿದರೆ ಇನ್ನೂ ಒಳ್ಳೆಯದು.