ಫ್ರೆಂಚ್ ಅಣು ವರದಿ ಇಂಗ್ಲಿಷಿಗೆ ಮಾಡಿಸ್ತೀರಾ? ಮುಂಗಡ ಕೊಡುವ ಮೊದಲು ಇದನ್ನು ಓದಿ

ಬಳ್ಳಾರಿಯಲ್ಲಿ ತೆಲುಗು, ಉರ್ದು ಬಲ್ಲವರು ಬೀದಿಗೊಬ್ಬರು ಸಿಗುತ್ತಾರೆ. ಅಣು ಎಂಜಿನಿಯರಿಂಗ್ ಗೊತ್ತಿರುವ ಫ್ರೆಂಚ್ ಅನುವಾದಕರನ್ನು ಎಲ್ಲಿಂದ ತರೋದು? ಎಲ್ಲಾ ಫೋನಿನಲ್ಲೇ ಕುದುರಿಸಬೇಕು. ಮೋಸ ಆಗುವುದೂ ಅಲ್ಲೇ.

ನಾನು ನಿಕಲ್ ಮಿಶ್ರಲೋಹಗಳ ಬಿರುಕಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಇಂಕೊನೆಲ್ 600 ಲೋಹ 350 ಡಿಗ್ರಿ ಕಾವಿನ ಶುದ್ಧ ನೀರಿನಲ್ಲೂ ಸೀಳುತ್ತದೆ ಎಂದು ಫ್ರಾನ್ಸಿನ ಆನ್ರಿ ಕೊರಿಯು ತಂಡ 1959ರಲ್ಲೇ ಹೇಳಿತ್ತು. ಆಗ ಬಹಳ ಜನ ನಂಬಲಿಲ್ಲ. ಆಮೇಲೆ ರಿಯಾಕ್ಟರುಗಳಲ್ಲಿ ಹಬೆ ಮಾಡುವ ಸ್ಟೀಮ್ ಜನರೇಟರಿನ, ಇದೇ ಲೋಹದ ಕೊಳವೆಗಳೇ ಸೀಳಿ ತೋರಿಸಿದವು. ಹಾಗಾಗಿ ಈ ವಿಷಯಕ್ಕೆ ಕೈ ಹಾಕಿದವರಿಗೆ ಫ್ರೆಂಚ್ ವರದಿ ತಪ್ಪಿದ್ದಲ್ಲ.

ಬೆಂಗಳೂರಿನ ಒಂದು ಸಂಸ್ಥೆ 'ನ್ಯೂಕ್ಲಿಯರ್ ಸ್ಪೆಷಲಿಸ್ಟ್ ಇದ್ದಾರೆ' ಎಂದು ಒಂದು ಪುಟ ಮಾದರಿ ಕಳಿಸಿತು. ಚೆನ್ನಾಗಿತ್ತು. ಆದರೆ ಪುಟ ಆರಿಸಿದ್ದು ಅವರೇ, ಬರೀ ಪೀಠಿಕೆ. ಅರ್ಧ ಹಣ ಮುಂಗಡ ಹಾಕಿಸಿಕೊಂಡರು.

ಬಂದ ಕೆಲಸವನ್ನು ರಾಯಲ್ ಸರ್ಕಲ್ ಹತ್ತಿರ ಪ್ರಿಂಟ್ ತೆಗೆಸಿ ನೋಡಿದರೆ, ಕೊಳವೆಯ ಗೋಡೆಯ ದಪ್ಪ 127 ಮಿಲಿಮೀಟರ್! ಅಂದರೆ ಐದು ಇಂಚು. ಪಕ್ಕದ ಚಿತ್ರದಲ್ಲಿ ಇಡೀ ಕೊಳವೆಯ ಹೊರ ವ್ಯಾಸವೇ 22,22, ಅಂದರೆ 22.22 ಮಿಲಿಮೀಟರ್. ಫ್ರೆಂಚರು ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಇಡುತ್ತಾರೆ. 1,27 ಅಂತ ಇದ್ದದ್ದರಲ್ಲಿ ಅದನ್ನೂ ನುಂಗಿಬಿಟ್ಟಿದ್ದರು. ಇಂಧನ ಸರಳುಗಳೆಲ್ಲ 'ಪೆನ್ಸಿಲ್' ಆಗಿದ್ದವು. ಫ್ರೆಂಚಿನಲ್ಲಿ ಅದಕ್ಕೆ ಕ್ರೆಯೋನ್ ಅಂತಾರೆ ನಿಜ, ಆದರೆ ರಿಯಾಕ್ಟರಿಗೆ ಪೆನ್ಸಿಲ್ ತುಂಬಿಸುವವರು ಯಾರು? ಮನುಷ್ಯರು ಓದಿದ ಗುರುತೇ ಇಲ್ಲ. ಸುಮ್ನೆ ಮಷಿನ್ನಿಗೆ ಹಾಕಿ ತೆಗೆದಿದ್ದಾರೆ.

ಕೇಳಿದ್ದಕ್ಕೆ, 'ಸಾರ್, ಟೆಕ್ನಿಕಲ್ ಅಲ್ವಾ, ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಈಗ ಫೋನೇ ಎತ್ತುವುದಿಲ್ಲ. ಮುಂಗಡಕ್ಕೆ ಎಳ್ಳುನೀರು.

ಮಾದರಿಗೆ ಪುಟ ನೀವೇ ಆರಿಸಿ. ಕೋಷ್ಟಕ, ಗ್ರಾಫ್ ಇರುವ ನಡುವಿನ ಪುಟವೇ ಇರಲಿ. ಕೆಲಸ ಮಾಡುವವರ ಜೊತೆ ನೇರ ಮಾತಾಡಿಸಿ ಅನ್ನಿ. ಏಜೆಂಟ್ ನುಣುಚಿಕೊಂಡರೆ ಅಲ್ಲಿಗೇ ಬಿಡಿ. ಫ್ರೆಂಚ್ ಭಾಷಾ ಪರೀಕ್ಷೆಯ ಡೆಲ್ಫ್ ಬಿ2 ಪ್ರಮಾಣಪತ್ರ ತೋರಿಸಿದರೆ ಫ್ರೆಂಚ್ ಬರುತ್ತದೆ ಅಂತ ಅರ್ಥ, ರಿಯಾಕ್ಟರ್ ಗೊತ್ತು ಅಂತ ಅಲ್ಲ. ನನ್ನ ಪ್ರಕಾರ ಫ್ರೆಂಚ್ ಕಲಿತ ಎಂಜಿನಿಯರೇ ವಾಸಿ. ಹಣ ಅಧ್ಯಾಯ ಮುಗಿದ ಹಾಗೆ ಕೊಡಿ.

ಇನ್ನೊಂದು, ಮೊದಲು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಐನಿಸ್ (INIS) ಎಂಬ ಆನ್‌ಲೈನ್ ವರದಿ ಭಂಡಾರದಲ್ಲಿ ಹುಡುಕಿ, ಪುಕ್ಕಟೆ. ಹಳೆಯ ಫ್ರೆಂಚ್ ವರದಿಗಳಲ್ಲಿ ಕೆಲವನ್ನು ಅಮೆರಿಕದ ಅಣುಶಕ್ತಿ ಆಯೋಗ ಆಗಲೇ ಇಂಗ್ಲಿಷಿಗೆ ಮಾಡಿಸಿತ್ತು. ನಿಮಗೆ ಬೇಕಾದ್ದು ಅದರಲ್ಲೇ ಇರಬಹುದು.