ಮಗು ಬೇಗ ಹುಟ್ಟಿದರೆ ಯಾರ ಬಳಿ: ಮಕ್ಕಳ ವೈದ್ಯರೋ, ಎಸ್‌ಎನ್‌ಸಿಯುವೋ, ನಿಯೋನೇಟಾಲಜಿಸ್ಟರೋ?

ಮೊದಲು ನೋಡಬೇಕಾದ್ದು ಗರ್ಭದಲ್ಲಿ ಕಳೆದ ವಾರ ಮತ್ತು ಹುಟ್ಟಿದಾಗಿನ ತೂಕ. 35 ವಾರ ದಾಟಿ, ಎರಡು ಕೆಜಿ ಮೇಲಿದ್ದು, ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ಮೂರನೇ ದಿನ ಕಾಮಾಲೆ ಕಂಡರೆ ಫೋಟೊಥೆರಪಿ (ನೀಲಿ ಬೆಳಕಿನ ಚಿಕಿತ್ಸೆ) ಸೌಲಭ್ಯವಿರುವ ಊರಿನ ಮಕ್ಕಳ ವೈದ್ಯರೇ ಸಾಮಾನ್ಯವಾಗಿ ಸಾಕು. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ ಮಾತ್ರ ಕಾಯಬೇಡಿ. ತಾಯಿ ಮಗುವಿನ ರಕ್ತದ ಗುಂಪು ಹೊಂದದೆ, ರಕ್ತ ಬದಲಿಸುವ ಸ್ಥಿತಿ ಬರಬಹುದು.

ತೂಕ 1800 ಗ್ರಾಂಗಿಂತ ಕಡಿಮೆ, ಸೋಂಕು, ಹುಟ್ಟಿದಾಗ ಅಳಲಿಲ್ಲ: ಇಂಥವರಿಗೆಂದೇ ಜಿಲ್ಲಾಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಇದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧ, ಪರೀಕ್ಷೆ, ಸಾಗಣೆ ಎಲ್ಲ ಉಚಿತ. ಖರ್ಚಿಗೆ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವ ಕಾರಣವೇ ಇಲ್ಲ. ಆದರೆ ದೀರ್ಘಕಾಲದ ವೆಂಟಿಲೇಟರ್, ಶಸ್ತ್ರಚಿಕಿತ್ಸೆ ಎಲ್ಲ ಕಡೆ ಸಿಗದು.

28 ವಾರಕ್ಕೂ ಮುಂಚೆ ಹುಟ್ಟಿದ್ದು, ಶ್ವಾಸಕೋಶ ಬಲಿಯದೆ ಸರ್ಫ್ಯಾಕ್ಟಂಟ್ (ಶ್ವಾಸಕೋಶ ಅರಳಲು ಕೊಡುವ ಔಷಧ) ಬೇಕಾದದ್ದು, ಹೃದಯ ಅಥವಾ ಕರುಳಿನ ದೋಷ ಇದ್ದದ್ದು ನಿಯೋನೇಟಾಲಜಿಸ್ಟ್ ಇರುವ ಎನ್‌ಐಸಿಯುಗೇ (ನವಜಾತರ ತೀವ್ರ ನಿಗಾ ಘಟಕ) ಹೋಗಬೇಕು. ನಿಯೋನೇಟಾಲಜಿಸ್ಟರು ಸಾಮಾನ್ಯವಾಗಿ ಮಕ್ಕಳ ವೈದ್ಯಕೀಯದಲ್ಲಿ ಎಂಡಿ ಮುಗಿಸಿ, ನವಜಾತರಿಗಾಗಿಯೇ ಮತ್ತೆ 3 ವರ್ಷ ಡಿಎಂ ಓದಿದವರು. ಖಾಸಗಿಯಲ್ಲಿ ಬಿಲ್ ದಿನದ ಲೆಕ್ಕದಲ್ಲಿ ಏರುತ್ತದೆ. ಸೇರಿಸುವಾಗಲೇ ರಾತ್ರಿ ಯಾರಿರುತ್ತಾರೆ, ಒಬ್ಬ ನರ್ಸ್‌ಗೆ ಎಷ್ಟು ಮಕ್ಕಳು ಎಂದು ಕೇಳಿ.

ಅಕಾಲಿಕ ಹೆರಿಗೆಯ ಸೂಚನೆ ಸಿಕ್ಕರೆ, ಸಾಧ್ಯವಿದ್ದಷ್ಟೂ ಗರ್ಭಿಣಿಯನ್ನೇ ದೊಡ್ಡ ಆಸ್ಪತ್ರೆಗೆ ಸಾಗಿಸಿ. ಹುಟ್ಟಿದ ಮೇಲೆ ಹೊರಟರೆ ದಾರಿಯಲ್ಲೇ ಮೈ ತಣ್ಣಗಾಗಿ, ರಕ್ತದ ಸಕ್ಕರೆ ಇಳಿದು ಮಗು ಸೋಲಬಹುದು. ಹಾಗೆ ಹೊರಡಲೇಬೇಕಾದರೆ ಮಗುವಿಗೆ ಟೊಪ್ಪಿ ಹಾಕಿ, ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿ ಒಯ್ಯಿರಿ. 34 ವಾರಕ್ಕೂ ಮುಂಚೆ ಹುಟ್ಟಿದ್ದರೆ, ಎಲ್ಲೇ ಚಿಕಿತ್ಸೆಯಾದರೂ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿ.