ಉಗಿ ಎಂಜಿನ್ನಿನ ಜಾತಕ ಹುಡುಕೋದಕ್ಕೆ ಇಂಟರ್ನೆಟ್ ಆರ್ಕೈವ್: ಐದು ವರ್ಷ ಬಳಸಿದ ಮೇಲೆ

ನಮ್ಮಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಬಾಯ್ಲರ್ ಕೆಲಸ ಮಾಡ್ತಿದ್ದರು. ಅವರ ಒಂದು ಸಣ್ಣ ನೋಟ್‌ಬುಕ್ ನನ್ನ ಹತ್ತಿರ ಇದೆ. ಎಣ್ಣೆ ಕಲೆ ಹತ್ತಿದ ಹಾಳೆಗಳು, ಪೆನ್ಸಿಲ್ ಬರಹ. ಒಂದು ಪುಟದಲ್ಲಿ ‘ವೈಪಿ 210, ವೈಜಿ 210’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮುಂದಿನ ಪುಟಗಳಲ್ಲಿ ಎಂಜಿನ್ ನಂಬರಿನ ಎದುರು ಬಾಯ್ಲರ್ ನಂಬರ್ ಇದೆ. ಅದೇ ಎಂಜಿನ್ ಎದುರು ಕೆಲವು ಪುಟಗಳ ನಂತರ ಬೇರೆ ಬಾಯ್ಲರ್ ನಂಬರ್! ಅಜ್ಜ ತಪ್ಪು ಬರೆದಿದ್ದಾರೆ ಅಂತ ಬಹಳ ದಿನ ಅಂದುಕೊಂಡಿದ್ದೆ. ಇದನ್ನು ಬಿಡಿಸಬೇಕು ಅಂತಲೇ ನಾನು ಇಂಟರ್ನೆಟ್ ಆರ್ಕೈವ್ ತೆರೆದಿದ್ದು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ, ಲಾಭಕ್ಕಲ್ಲದ ಡಿಜಿಟಲ್ ಗ್ರಂಥಾಲಯ. ದುಡ್ಡು ಕೊಡಬೇಕಿಲ್ಲ. ಹಕ್ಕುಸ್ವಾಮ್ಯ ಮುಗಿದ ಹಳೆ ಪುಸ್ತಕ, ಪತ್ರಿಕೆಗಳನ್ನು ಇಳಿಸಿಕೊಳ್ಳಬಹುದು. ಹೊಸ ಪುಸ್ತಕಗಳಲ್ಲಿ ಎಷ್ಟೋ ಒಂದು ಗಂಟೆಯ ಎರವಲಿಗೆ ಸಿಗುತ್ತವೆ. ಅದಕ್ಕೆ ಒಂದು ಉಚಿತ ಖಾತೆ ಸಾಕು.

ಮೊದಲ ಕೆಲವು ತಿಂಗಳು ನನಗೆ ಏನೂ ಸಿಗಲಿಲ್ಲ. ಕಾರಣ ಸರಳ. ನಾನು ಇವತ್ತಿನ ಹೆಸರು ಹಾಕಿ ಹುಡುಕ್ತಿದ್ದೆ. ‘ಹುಬ್ಬಳ್ಳಿ’ ಅನ್ನೋ ಕಾಗುಣಿತ ಇಂಗ್ಲಿಷ್‌ನಲ್ಲಿ ಅಧಿಕೃತವಾಗಿದ್ದು 2014ರಲ್ಲಿ. ಹಳೆ ದಾಖಲೆಯಲ್ಲಿ ಅದು ‘ಹುಬ್ಲಿ’, ಧಾರವಾಡ ‘ಧಾರ್ವಾರ್’. ಹುಬ್ಬಳ್ಳಿ ಸೇರಿದ್ದ ರೈಲ್ವೆಯ ಹೆಸರಂತೂ ಎಷ್ಟು ಸಲ ಬದಲಾಗಿದೆ ನೋಡಿ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ. 1951ರಲ್ಲಿ ದಕ್ಷಿಣ ರೈಲ್ವೆ. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ. 2003ರಿಂದ ನೈಋತ್ಯ ರೈಲ್ವೆ. ಜೊತೆಗೆ ಆ ‘ಮರಾಠಾ’ ಪದವನ್ನು ಕಂಪನಿಯವರು ಬರೆಯುತ್ತಿದ್ದದ್ದು ‘ಆರ್’ಗಿಂತ ಮುಂಚೆ ‘ಎಚ್’ ಸೇರಿಸಿ, ಕೊನೆಗೆ ‘ಟಿಎಚ್’ ಬದಲು ಎರಡು ‘ಟಿ’ ಹಾಕಿ. ಹೆಚ್ಚುಕಡಿಮೆ ‘ಮಹ್ರಟ್ಟಾ’. ಈ ಕಾಗುಣಿತ ಹಾಕಿದ ದಿನ ಒಮ್ಮೆಲೇ ಬಾಗಿಲು ತೆರೆದ ಹಾಗಾಯ್ತು. ನೀವು ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಹುಡುಕೋ ಪೆಟ್ಟಿಗೆ ಸುಮ್ನೆ ಬಳಸಿದರೆ ಪುಸ್ತಕದ ಹೆಸರು, ವಿವರ ಮಾತ್ರ ನೋಡುತ್ತದೆ. ಒಳಗಿನ ಪಠ್ಯದಲ್ಲಿ ಹುಡುಕುವ ಆಯ್ಕೆ ಬೇರೆ ಇದೆ, ಅದನ್ನು ಆರಿಸಲೇಬೇಕು. ಒಂದೊಂದು ಎಂಜಿನ್ ಬಗ್ಗೆ ಪೂರ್ತಿ ಪುಸ್ತಕ ಸಿಗೋದು ಅಪರೂಪ. ಯಾವುದೋ ಹಳೆ ಎಂಜಿನಿಯರಿಂಗ್ ವಾರಪತ್ರಿಕೆಯ ಮೂರನೇ ಕಾಲಂನಲ್ಲಿ ಹತ್ತು ಸಾಲು ಇರುತ್ತದೆ. ಆ ಹತ್ತು ಸಾಲಿನಲ್ಲೇ ಸಿಲಿಂಡರ್ ಅಳತೆ, ಚಕ್ರದ ಅಳತೆ, ಬಾಯ್ಲರ್ ಒತ್ತಡ ಎಲ್ಲಾ ಇರುತ್ತದೆ. ಯಂತ್ರ ಓದಿದ ಪಠ್ಯದಲ್ಲಿ ಮಾತ್ರ ಅಂಕಿಗಳನ್ನು ನಂಬಬೇಡಿ. ಹದಿನೈದೂಕಾಲು ಇಂಚು ಅನ್ನೋದು ಅಲ್ಲಿ ‘151’ ಆಗಿಬಿಡಬಹುದು. ಪುಟದ ಚಿತ್ರವನ್ನೇ ನೋಡಿ.

ಚಿತ್ರ ಅಂದಾಗ ಹೇಳಲೇಬೇಕು. ಎಲ್ಲರೂ ಪಿಡಿಎಫ್ ಇಳಿಸಿಕೊಳ್ತಾರೆ. ಎಂಜಿನ್ನಿನ ನಕ್ಷೆ ಬೇಕಿದ್ದರೆ ಅದು ಸಾಲದು. ಡೌನ್‌ಲೋಡ್ ಪಟ್ಟಿಯಲ್ಲಿ ಜೆಪಿ2 ಅನ್ನೋ, ಪುಟಗಳ ಸ್ಪಷ್ಟ ಚಿತ್ರಗಳಿರುವ ಜಿಪ್ ಫೈಲ್ ಇದ್ದರೆ ಅದನ್ನು ತಗೊಳ್ಳಿ. ಫೈಲ್ ದೊಡ್ಡದು, ನಾನು ರಾತ್ರಿ ಹಚ್ಚಿಟ್ಟು ಮಲಗ್ತೀನಿ. ಆದರೆ ಪಿಡಿಎಫ್‌ನಲ್ಲಿ ಬೂದು ಮಸಿ ಥರ ಕಾಣುವ ಜಾಗ ಇದರಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಫೈರ್‌ಬಾಕ್ಸ್‌ನ, ಅಂದರೆ ಬಾಯ್ಲರಿನ ಬೆಂಕಿಗೂಡಿನ, ಗೋಡೆಗಳನ್ನು ಹಿಡಿದಿಡುವ ಒಂದೊಂದು ಸ್ಟೇ ಬೋಲ್ಟ್ ಎಣಿಸಬಹುದು. ನಾನು ಎಣಿಸಿದ್ದೇನೆ.

ಅಜ್ಜನ ನೋಟ್‌ಬುಕ್ಕಿನ ಒಗಟು ಬಿಡಿಸಿದ್ದೂ ಹೀಗೇ, ಚೂರು ಚೂರು ಸೇರಿಸಿ. ವೈಪಿ, ವೈಜಿ ಎರಡೂ ಮೀಟರ್‌ಗೇಜ್ ಎಂಜಿನ್. ವೈಪಿ ಪ್ಯಾಸೆಂಜರ್ ಗಾಡಿಗೆ, ವೈಜಿ ಗೂಡ್ಸ್ ಗಾಡಿಗೆ. ವೈಪಿ ಓಡುವ ಎಂಜಿನ್, ಅದರ ಎಳೆಯುವ ಚಕ್ರ 4 ಅಡಿ 6 ಇಂಚು, ಅಂಥವು ಆರು. ವೈಜಿ ಭಾರ ಎಳೆಯಬೇಕು, ಚಕ್ರ 4 ಅಡಿ, ಅಂಥವು ಎಂಟು. ನೋಡೋದಕ್ಕೆ ಬೇರೆ ಬೇರೆ. ಬಾಯ್ಲರ್ ಮಾತ್ರ ಒಂದೇ ಮಾದರಿ! ಎರಡಕ್ಕೂ ಚದರ ಇಂಚಿಗೆ 210 ಪೌಂಡ್ ಒತ್ತಡ. ಬಾಯ್ಲರ್ ರಿಪೇರಿಗೆ ಚಕ್ರ, ಚೌಕಟ್ಟಿಗಿಂತ ಜಾಸ್ತಿ ದಿನ ಹಿಡಿಯುತ್ತದೆ. ಅದಕ್ಕೇ ವರ್ಕ್‌ಶಾಪ್‌ಗಳಲ್ಲಿ ಒಂದು ಎಂಜಿನ್ನಿನ ಬಾಯ್ಲರ್ ಇಳಿಸಿ, ಸಿದ್ಧವಾಗಿರುವ ಇನ್ನೊಂದನ್ನು ಕೂರಿಸಿ ಕಳಿಸೋ ಪದ್ಧತಿ ಇತ್ತು. ಅಜ್ಜ ತಪ್ಪು ಬರೆದಿರಲಿಲ್ಲ. ಎರಡು ಗೆರೆ ಎಳೆದದ್ದು ಯಾಕೆ ಅಂತ ಅವತ್ತು ಗೊತ್ತಾಯ್ತು. ನೋಟ್‌ಬುಕ್ ಎದೆಗೆ ಒತ್ತಿಕೊಂಡು ಸುಮಾರು ಹೊತ್ತು ಕೂತಿದ್ದೆ.

ಆರ್ಕೈವ್‌ನಲ್ಲಿ ಸಿಗೋದು ಹೆಚ್ಚಾಗಿ ಅಚ್ಚಾದ ಸಾಮಗ್ರಿ. ಕಾರ್ಖಾನೆಯ ಮೂಲ ನಕ್ಷೆ, ಆರ್ಡರ್ ಪುಸ್ತಕ ಬೇಕಿದ್ದರೆ ಎಂಜಿನ್ ಕಟ್ಟಿದವರ ಊರಿಗೇ ಹೋಗಬೇಕು. ವೈಪಿಗಳು 871 ಆದವು. ಕಟ್ಟಿದವರು ಅಮೆರಿಕದ ಬಾಲ್ಡ್‌ವಿನ್, ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರೌಸ್ ಮಾಫೈ, ನಮ್ಮ ಜಮ್ಶೆಡ್‌ಪುರದ ಟೆಲ್ಕೋ. ನಾರ್ತ್ ಬ್ರಿಟಿಷ್ 1962ರಲ್ಲಿ ಮುಚ್ಚಿತು. ಅದರ ಕಾಗದಪತ್ರ ಗ್ಲಾಸ್ಗೋದ ಮಿಚೆಲ್ ಲೈಬ್ರರಿ, ಅಲ್ಲಿನ ವಿಶ್ವವಿದ್ಯಾಲಯ, ಹೀಗೆ ಹಂಚಿಹೋಗಿದೆ. ಬೇಯರ್ ಪೀಕಾಕ್ ಎಂಜಿನ್ ಆದರೆ ಮ್ಯಾಂಚೆಸ್ಟರ್‌ನ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂ. ಇಲ್ಲೆಲ್ಲಾ ಬೇಕಾದದ್ದು ಎಂಜಿನ್ ಮೈಮೇಲಿನ ರೈಲ್ವೆ ನಂಬರ್ ಅಲ್ಲ. ತಯಾರಕರ ತಗಡಿನ ಮೇಲಿರುವ ಕಾರ್ಖಾನೆ ನಂಬರ್ ಮತ್ತು ವರ್ಷ. ರೈಲ್ವೆ ನಂಬರ್ ಬದಲಾಗುತ್ತದೆ, ಅದು ಬದಲಾಗೋದಿಲ್ಲ. ಒಂದು ಕಡೆ ದುಡ್ಡು ಕಟ್ಟಿ ಬಾಯ್ಲರ್ ನಕ್ಷೆ ಕೇಳಿದ್ದೆ. ಬೇರೆ ಯಾವುದೋ ಎಂಜಿನ್ನಿನ ಟೆಂಡರ್, ಅಂದರೆ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯ ನಕ್ಷೆ ಬಂತು, ದುಡ್ಡು ವಾಪಸ್ ಬರಲಿಲ್ಲ. ಅದಕ್ಕೇ ಮೊದಲು ಆರ್ಕೈವ್‌ನಲ್ಲಿ ವರ್ಷ, ತಯಾರಕರು, ನಂಬರ್ ಮೂರನ್ನೂ ಖಚಿತ ಮಾಡಿಕೊಂಡು ಆಮೇಲೆ ಪತ್ರ ಬರೆಯಿರಿ. ದೆಹಲಿಯ ರಾಷ್ಟ್ರೀಯ ದಾಖಲಾಗಾರದ ‘ಅಭಿಲೇಖ ಪಟಲ್’ನಲ್ಲೂ ರೈಲ್ವೆ ಕಡತಗಳ ಹೆಸರು ಹುಡುಕಬಹುದು, ಅದನ್ನು ಬಿಡಬೇಡಿ.

ಕಳೆದ ತಿಂಗಳು ಬಾಯ್ಲರ್ ಅಡ್ಡಸೀಳಿನ ಒಂದು ನಕ್ಷೆಯನ್ನು ಜೆಪಿ2ನಿಂದ ತೆಗೆದು, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಮಾಡಿಸಿದೆ. ಗದಗ ರೋಡ್ ಕಡೆ ಅಜ್ಜನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ, ಅವರ ಮನೆಗೆ ಒಯ್ದೆ. ಕನ್ನಡಕ ಹಾಕಿಕೊಂಡು ಹಾಳೆ ನೆಲದ ಮೇಲೆ ಹಾಸಿಸಿದರು. ಫೈರ್‌ಬಾಕ್ಸ್ ಕೆಳಗಿನ ರಿಂಗಿನ ಗುಂಟ ಬೆರಳು ಎಳೆದು ಮೂಲೆಗೆ ಬಂದು ನಿಂತರು. ‘ಇದು ನಮ್ಮ ಬಾಯ್ಲರ್ ಅಲ್ಲ, ಅದರ ಮುಂಚಿಂದು. ಆದರ ಇಲ್ಲೇ ನೋಡಪಾ, ಈ ಮೂಲ್ಯಾಗ ಸೋರತಿತ್ತು. ನಿಮ್ಮಜ್ಜ ಒಳಗ ಹೊಕ್ಕು ಕೂಡತಿದ್ದ, ನಾ ಹೊರಗಿಂದ ದೀಪ ಹಿಡೀತಿದ್ದೆ.’

ಆ ಹಾಳೆ ಈಗ ಅವರ ಮನೆಯಲ್ಲೇ ಇದೆ.